ನಿಮ್ಮ ಮಗನ ತಾಟು

ಅತ್ತಿ,

ನಾನು ಅಂಧೇರಿಗೆ ಕೆಲಸಕ್ಕೆ ಹೋಗಿದ್ದೇನೆ. ಹತ್ತಕ್ಕೆ ಪಕ್ಕದ ಖೋಲಿಯ ಬೀಬೀಜಾನ ಬಂದು ನಿಮ್ಮನ್ನು ರೇಡಿಯೇಷನ್‌ಗೆ ಕರೆದೊಯ್ಯುತ್ತಾರೆ. ನೀರಿನ ಬಾಟಲಿ ಮರೆಯಬೇಡಿ. ಆಮೇಲೆ ಆಸ್ಪತ್ರೆಯಲ್ಲೇ ಈ ಕಾಯಿಲೆಯ ಬಗ್ಗೆ ಹೆಂಗಸರ ಕ್ಲಾಸಿದೆ. ಹೋದ ಸಲದಂತೆ ಅರ್ಧಕ್ಕೇ ಎದ್ದು ಬರಬೇಡಿ.

ಗರ್ಭಕೊರಳಿನ ಕ್ಯಾನ್ಸರ್ ಒಟ್ಟಿಗೆ ಉಂಡರೆ ಅಂಟುವುದಿಲ್ಲವೆಂದು ಆ ಕ್ಲಾಸಿನ ಮೇಡಂ ನಿಮ್ಮೆದುರೇ ಹೇಳಿದ್ದಾರೆ. ಆದರೂ ನೀವು ನಿಮ್ಮ ಮಗನ ತಾಟು ಹಿಡಿದು ಬಾಗಿಲ ಬಳಿ ಒಬ್ಬರೇ ಕೂರುತ್ತೀರಿ. “ಸತ್ತಾಂವನ ತಾಟು, ಇನ್ನ ಯಾರು ಉಣ್ಣಾವ್ರ ಅದಾರ ಅದರಾಗ?” ಎನ್ನುತ್ತೀರಿ. ಅದರ ತಳ ಉಬ್ಬಿದೆ. ನೀವು ಅನ್ನ ಕಲೆಸಿದಾಗಲೆಲ್ಲ ನೆಲಕ್ಕೆ ಬಡಿಯುತ್ತದೆ. ಒಲೆಯ ಮುಂದಿರುವ ನನಗೆ ಅವರೇ ಬಂದು ಉಣ್ಣುತ್ತಿದ್ದಾರೆ ಅನ್ನಿಸಿ, ಇನ್ನೊಂದು ರೊಟ್ಟಿ ತಟ್ಟುತ್ತೇನೆ.

ಸಂಜೆ ಆ ತಾಟಿನಲ್ಲಿ ನಿಮ್ಮೊಂದಿಗೆ ನಾನೂ ಉಣ್ಣುತ್ತೇನೆ. ಬೇಡವೆಂದರೆ ಉಪವಾಸ ಮಲಗುತ್ತೇನೆ.

ದಾನೇಶ್ವರಿ