ಗ್ರೈಂಡರ್ ಮುಂದಿನ ಮಣೆ

ಅಪ್ಪಾ,

ನಾ ಪಟಾನ್‌ಚೆರು ಬಸ್ಸಿಗೆ ಹೊಂಟೀನಿ. ಫ್ಯಾಕ್ಟರಿ ಇಂಟರ್‌ವ್ಯೂ ಹತ್ತು ಗಂಟೆಕ್ಕ ಐತಿ. "ಹೆಣ್ಣುಹುಡುಗಿಗೆ ಎಲೆಕ್ಟ್ರಿಕಲ್ ಕೆಲಸ ಯಾತಕ್ಕ" ಅಂತ ಮತ್ತ ಕೇಳೂದು ಬ್ಯಾಡಂತ ನಿಮ್ಮನ್ನ ಎಬ್ಬಿಸಲಿಲ್ಲ.

ಉದ್ದಿನಬ್ಯಾಳಿ ನೆನಸಿ ಇಟ್ಟೀನಿ, ಅವ್ವ ಗುಡಿಯಿಂದ ಬಂದು ರುಬ್ಬತಾಳ. ಗ್ರೈಂಡರ್ ಮುಂದಿನ ಕಟ್ಟಿಗಿ ಮಣೆ ಹುಡುಕಬ್ಯಾಡ್ರಿ, ಮಾಳಿಗಿ ಮ್ಯಾಲ ಒಗದೀನಿ.

ಹೋದ ತಿಂಗಳ ಇಂಟರ್‌ವ್ಯೂದಾಗ ಸಾಹೇಬ "ಅರ್ಥಿಂಗ್ ಯಾಕ ಬೇಕು?" ಅಂತ ಕೇಳಿದ. "ಮಶೀನಿನ ಮೈಗೆ ಕರೆಂಟ್ ಬಂದ್ರ ಅದು ಮನಶ್ಯಾರ ಮೈಯಾಗ ಹಾಯಬಾರದು, ವೈರ್ ಹಿಡದು ನೆಲಕ್ಕ ಹೋಗಬೇಕು, ಫ್ಯೂಜ್ ಹಾರಬೇಕು" ಅಂದೆ. "ನಿಮ್ಮ ಮನ್ಯಾಗ ಹಂಗ ಐತೇನು?" ಅಂದ. ನಾ ಫೈಲ್ ಮುಚ್ಚಿಕೊಂಡು ಎದ್ದು ಬಂದೆ.

ಬೋರ್ಡಿಗೆ ಎರಡೇ ತೂತು ಅವ ಅಂತ ಗ್ರೈಂಡರಿನ ಮೂರನೇ ಪಿನ್ನು ಪಕ್ಕಡಿಲೆ ಮುರದವರು ನೀವು. ಅವ್ವಗ ಕೈ ಜುಮ್ ಅಂದಾಗ "ಮಣೆ ಮ್ಯಾಲ ನಿಂದ್ರು, ಏನೂ ಆಗಂಗಿಲ್ಲ" ಅಂದವರೂ ನೀವ.

ನಿನ್ನೆ ಕೋಠಿ ಬಜಾರದಿಂದ ಮೂರು ಪಿನ್ನಿನ ಪ್ಲಗ್, ಹೊಸ ಬೋರ್ಡ್ ತಂದೆ. ನೀವು ಡ್ಯೂಟಿಗೆ ಹೋದಾಗ ಮೇನ್ ಬಂದ್ ಮಾಡಿ, ಮೀಟರ್ ಹತ್ರ ಇದ್ದ ಅರ್ಥ್ ವೈರ್ ಎಳದು ಜೋಡಿಸೀನಿ. ಬಲ್ಬ್ ಹಚ್ಚಿ ತಪಾಸೂ ಮಾಡೀನಿ. ಸಿಟ್ಟು ಬಂದ್ರ ಬರಲಿ, ಬಿಚ್ಚಬ್ಯಾಡ್ರಿ.

ಕೆಲಸ ಸಿಗಲಿ, ಬಿಡಲಿ. ಇವತ್ತು ಆ ಪ್ರಶ್ನೆ ಕೇಳಿದ್ರ "ಐತ್ರಿ, ನಾನ ಜೋಡಿಸೀನಿ" ಅಂತೀನಿ.

ಮಗಳ ಕೈಗೆಲಸದ ಮ್ಯಾಲ ನಂಬಿಕಿ ಇಲ್ಲಂದ್ರ, ಅವ್ವ ಬರೂದರಾಗ ನೀವ ಬರಿಗಾಲಲೆ ನಿಂತು ಗ್ರೈಂಡರ್ ಮುಟ್ಟಿ ನೋಡ್ರಿ. ನಿಮ್ಮ ಮಾತು ನಂಬಿ ಆಕಿ ಹನ್ನೊಂದು ವರ್ಷ ಆ ಮಣೆ ಮ್ಯಾಲ ನಿಂತಾಳ.

ಮಹಾನಂದಾ