ಎತ್ತಿಕೊಳ್ಳುವುದು ಹೇಗೆಂದು ಯಾರೂ ಕೇಳಲಿಲ್ಲ

ಹೆರಿಗೆ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ಹೆಂಡತಿಗೆ ದಿನ ತುಂಬುತ್ತಾ ಬಂದಿದೆ. ಹುಟ್ಟುವ ಮಗುವಿನ ಮೂಳೆ, ನನ್ನ ಮೂಳೆಯ ಹಾಗೆ, ಗಾಜಿನಷ್ಟು ಗಟ್ಟಿಯಾಗಿರಬಹುದು. ಅದನ್ನು ಎತ್ತಿಕೊಳ್ಳುವ ರೀತಿಯನ್ನು ನಿಮ್ಮ ನರ್ಸ್‌ಗಳಿಗೆ ಮೊದಲೇ ತೋರಿಸಿಕೊಡುತ್ತೇವೆ, ಅರ್ಧ ಗಂಟೆ ಅವಕಾಶ ಕೊಡಿ ಎಂದು ಕೇಳಿದ್ದೆ. ನಿಮ್ಮ ಸಿಬ್ಬಂದಿ ತರಬೇತಿ ಪಡೆದವರು, ರೋಗಿಯ ಕಡೆಯವರಿಂದ ಪಾಠ ಹೇಳಿಸಿಕೊಳ್ಳುವ ಪದ್ಧತಿ ಇಲ್ಲ ಎಂದು ನಿಮ್ಮ ಕಚೇರಿಯವರು ಹೇಳಿ ಕಳಿಸಿದರು. ಪದ್ಧತಿ ಇಲ್ಲದಿರುವುದು ನನಗೂ ಗೊತ್ತು ಸ್ವಾಮಿ. ಅದರ ಫಲವನ್ನು ನನ್ನ ಮೊದಲ ಮಗಳು ಹುಟ್ಟಿದ ಮರುದಿನವೇ ನಿಮ್ಮ ವಾರ್ಡಿನಲ್ಲಿ ಉಂಡಿದ್ದಾಳೆ.

ಮರೆತಿದ್ದರೆ ನೆನಪಿಸುತ್ತೇನೆ. ಅವಳು ಹುಟ್ಟುವ ಮುಂಚೆಯೇ ನಾನು ಬಾಯಿ ನೋಯುವಷ್ಟು ಹೇಳಿದ್ದೆ. ನಮ್ಮ ವಂಶದಲ್ಲಿ ಮೂಳೆ ಸೂಕ್ಷ್ಮ, ಅಜ್ಜಿಗಿತ್ತು, ಅಪ್ಪನಿಗಿತ್ತು, ನನಗಿದೆ. ಕಣ್ಣಿನ ಬಿಳಿಯಲ್ಲಿ ತುಸು ನೀಲಿ ಕಂಡರೆ ಮಗು ನಮ್ಮ ಕಡೆಗೆ ಬಿದ್ದಿದೆ ಎಂದು ತಿಳಿಯಿರಿ ಎಂದೂ ಹೇಳಿದ್ದೆ. ಎಲ್ಲರೂ ತಲೆಯಾಡಿಸಿದರು. ಮರುದಿನ ಬಟ್ಟೆ ಬದಲಿಸಲು ಬಂದ ನರ್ಸಮ್ಮ, ಎಲ್ಲ ಮಕ್ಕಳಿಗೂ ಮಾಡುವಂತೆ, ಎರಡೂ ಪಾದಗಳನ್ನು ಒಂದೇ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿದರು. ತೊಡೆಯ ಮೂಳೆ ಮುರಿಯಿತು. ಆಕೆಯನ್ನು ನಾನು ದೂರುವುದಿಲ್ಲ. ಆಕೆಗೆ ಯಾರೂ ಹೇಳಿರಲೇ ಇಲ್ಲ, ಪಾಪ, ನನಗಿಂತ ಹೆಚ್ಚು ಅತ್ತದ್ದು ಅವರೇ.

ಆಮೇಲೆ ಬಂದ ನಿಮ್ಮ ಮೇಲಿನವರು ಮಾತ್ರ ಅಳಲಿಲ್ಲ. ಬರೀ ಬಟ್ಟೆ ಬದಲಿಸಿದರೆ ಮೂಳೆ ಮುರಿಯುತ್ತದೆಯೇ, ಮೊದಲೇ ಮುರಿದಿರಬೇಕು ಎಂದರು. ನನ್ನನ್ನು ಒಂದು ಕೋಣೆಯಲ್ಲಿ, ಬಾಣಂತಿಯನ್ನು ಇನ್ನೊಂದು ಕೋಣೆಯಲ್ಲಿ ಕೂರಿಸಿ ವಿಚಾರಿಸಿದರು. ದುಡಿಯಲು ಹೊರಗಿನಿಂದ ಬಂದವರು, ಮಗುವನ್ನು ಸಿಟ್ಟಿನಲ್ಲಿ ಎಳೆದಾಡಿರಬಹುದಲ್ಲವೇ? "ನಿಮ್ಮ ಕಡೆ ಮಕ್ಕಳನ್ನ ಹೀಗೇನಾ ನೋಡ್ಕೊಳ್ಳೋದು?" ಎಂದು ಒಬ್ಬರು ಬಹಳ ಮೃದುವಾಗಿ ಕೇಳಿದರು. ಕೊನೆಗೆ ರಕ್ತಪರೀಕ್ಷೆ ನಮ್ಮ ಪರವಾಗಿ ಸಾಕ್ಷಿ ಹೇಳಿತು. ಅಂದರೆ, ನಾನು ಮೊದಲ ದಿನ ಹೇಳಿದ್ದನ್ನೇ ಹೇಳಿತು. ಕ್ಷಮೆ ಕೇಳುವುದಕ್ಕೆ ನಿಮ್ಮಲ್ಲಿ ವಿಭಾಗ ಇಲ್ಲವೇನೋ. ಸಲಹೆ ಕೊಡುವುದಕ್ಕೆ ಇತ್ತು. ಇನ್ನೊಂದು ಮಗುವಿನ ಯೋಚನೆ ಬೇಡ ಎಂಬ ಸಲಹೆಯೊಂದಿಗೆ ನಮ್ಮನ್ನು ಮನೆಗೆ ಕಳಿಸಿದರು.

ಮಗಳಿಗೆ ಈಗ ನಾಲ್ಕು ವರ್ಷ. ನನ್ನ ಹೆಂಡತಿ ಮತ್ತೆ ಗರ್ಭಿಣಿ. ವಿಷಯ ತಿಳಿದ ದಿನ ನನಗೆ ಸಂತೋಷಕ್ಕಿಂತ ಮೊದಲು ಭಯವಾಯಿತು, ಸುಳ್ಳೇಕೆ ಹೇಳಲಿ. ಅವಳು ದಿನದಂತೆ ಕಣ್ಣು ಮುಚ್ಚಿ ಕೈ ಮುಗಿದು ಕೂತಳು. ಎದ್ದಮೇಲೆ ಏನಂದೆ ದೇವರಿಗೆ ಎಂದು ಕೇಳಿದೆ. "ಏನೂ ಅನ್ಲಿಲ್ಲ. ಕೊಡೋನು ಕೊಟ್ಟಿದ್ದಾನೆ. ಎತ್ಕೊಳ್ಳೋದು ಹೇಗಂತ ನಮಗೆ ಗೊತ್ತಲ್ವಾ? ಇನ್ನೇನು ಬೇಕು?" ಅಂದಳು. ನನ್ನ ಭಯ ಹೋಗಲಿಲ್ಲ. ಆದರೆ ಅದಕ್ಕೆ ಕೂರಲು ಒಂದು ಮೂಲೆ ಸಿಕ್ಕಿತು.

ಅಂದಿನಿಂದ ಪ್ರತಿ ತಪಾಸಣೆಗೆ ಬಂದಾಗಲೂ ನಿಮ್ಮ ಸಲಹಾ ವೈದ್ಯರ ದರ್ಶನ ಕಡ್ಡಾಯ. ಅವರ ಕೋಣೆ ತಂಪಾಗಿದೆ, ಕುರ್ಚಿ ಮೆತ್ತಗಿದೆ, ಕಂಪ್ಯೂಟರ್ ದೊಡ್ಡದು, ಅದನ್ನು ಬಿಟ್ಟು ಅವರು ಬೇರೇನನ್ನೂ ನೋಡುವುದಿಲ್ಲ. ಒಂದು ದಿನ, ನಾಣ್ಯ ಚಿಮ್ಮಿದ ಹಾಗೆ, ಮಗು ಅಪ್ಪನಂತಾಗಬಹುದು, ಅಮ್ಮನಂತಾಗಬಹುದು ಎಂದರು. ಎರಡು ಕಡೆಯೂ ನಮ್ಮ ಮನೆಯ ಮುಖವೇ ಇರುವ ನಾಣ್ಯದಲ್ಲಿ ಸೋಲುವುದು ಹೇಗೆಂದು ನನಗೆ ಹೊಳೆಯಲಿಲ್ಲ. ಕಂಪ್ಯೂಟರ್ ನೋಡುತ್ತಲೇ ಅವರು ನಿಟ್ಟುಸಿರು ಬಿಟ್ಟರು.

"ಇಂಥ ಮಗು ಹುಟ್ಟಿ ಏನು ಸುಖ ಪಡುತ್ತೆ, ನೀವೇ ಹೇಳಿ."

"ಇಂಥದ್ದೇ ಒಂದು ನಿಮ್ಮೆದುರಿಗೆ ಕೂತಿದೆಯಲ್ಲ ಡಾಕ್ಟ್ರೇ, ಅದನ್ನೇ ಕೇಳಿ," ಅಂದಳು ನನ್ನ ಹೆಂಡತಿ.

ಅಂದು ಮೊದಲ ಬಾರಿ ಅವರು ನನ್ನ ಕಣ್ಣು ನೋಡಿದರು, ಅದರ ನೀಲಿಯನ್ನೂ. ಏನು ಮಾಡಬೇಕೆಂದು ತೋಚದೆ, ಸುಖವಾಗಿದ್ದೇನೆ ಸಾರ್, ನಿನ್ನೆಯಿಂದ ಸ್ವಲ್ಪ ಶೀತ ಅಷ್ಟೇ ಎಂದೆ. ಅವರು ನಗಲಿಲ್ಲ. ನಂಬಿಕೆ ಒಳ್ಳೆಯದೇ, ಆದರೆ ಪ್ಲಾಸ್ಟರ್ ಹಾಕುವುದಕ್ಕೆ ದೇವರು ಬರುವುದಿಲ್ಲ ಎಂದು ಬುದ್ಧಿ ಹೇಳಿದರು. ಒಪ್ಪಿದೆ. ನನಗೆ ಎಷ್ಟೋ ಸಲ ಪ್ಲಾಸ್ಟರ್ ಹಾಕಿದ್ದಾರೆ, ಒಮ್ಮೆಯೂ ಆತ ಬಂದಿಲ್ಲ. ಪ್ರತಿ ಸಲವೂ ಯಾರದೋ ಕೈ ಬಂದಿದೆ. ದೇವರು ಎಲ್ಲ ಸರಿಮಾಡಿಯೇ ಕಳಿಸುತ್ತಾನೆ ಎಂದು ನಾವು ಯಾವತ್ತೂ ಹೇಳಿಲ್ಲ. ಕಳಿಸಿದವನು ಹಿಡಿಯುವ ಕೈಗಳನ್ನೂ ಇಟ್ಟಿರುತ್ತಾನೆ ಎನ್ನುವುದಷ್ಟೇ ನಮ್ಮ ನಂಬಿಕೆ. ತೊಂದರೆ ಏನೆಂದರೆ, ಮಗುವನ್ನು ಹಿಡಿಯುವ ಮೊದಲ ಕೈಗಳು ನಮ್ಮವಲ್ಲ, ನಿಮ್ಮವು.

ಈ ಮಗು ಬೇಕೇ ಎಂದು ನಿಮ್ಮಲ್ಲಿ ಕೇಳದವರಿಲ್ಲ. ಅದನ್ನು ಎತ್ತಿಕೊಳ್ಳುವುದು ಹೇಗೆಂದು ಕೇಳಿದವರೂ ಇಲ್ಲ.

ನಾನು ದುಡಿಯುವುದು ಗಾಜಿನ ಸಾಮಾನು ಪ್ಯಾಕ್ ಮಾಡುವ ಗೋದಾಮಿನಲ್ಲಿ. ನಗುವುದಾದರೆ ನಕ್ಕುಬಿಡಿ, ನಮ್ಮ ಸೂಪರ್‌ವೈಸರ್ ಆಗಲೇ ನಕ್ಕು ಸುಸ್ತಾಗಿದ್ದಾರೆ. "ತಾಳು, ನಿನ್ನ ಬೆನ್ನಿಗೂ ಒಂದು ಸ್ಟಿಕ್ಕರ್ ಅಂಟಿಸ್ತೀನಿ," ಎಂಬುದು ಅವರ ಹಳೆಯ ಜೋಕು. ಯಾವ ಬದಿ ಮೇಲೆ, ಎಲ್ಲಿ ಕೈ ಹಾಕಬಾರದು ಎಂದು ಪ್ರತಿ ಪೆಟ್ಟಿಗೆಯ ಮೇಲೂ ಅಂಟಿಸಿ ಕಳಿಸುತ್ತೇವೆ. ನನಗೆ ತರಬೇತಿಯಾಗಿದೆ, ನಿನ್ನ ಸ್ಟಿಕ್ಕರ್ ಬೇಡ ಎಂದು ಲಾರಿ ಡ್ರೈವರ್ ಇವತ್ತಿನವರೆಗೂ ಅಂದಿಲ್ಲ. ಒಡೆಯುವಂಥದ್ದನ್ನು ಯಾಕಾದರೂ ಮಾಡಿದಿರಿ ಎಂದು ಲೋಟ ಕೊಂಡವರೂ ಕೇಳಿಲ್ಲ. ಒಂದು ದೀಪದ ಬುರುಡೆಗೆ ಸಿಗುವ ಮರ್ಯಾದೆಯನ್ನು ನನ್ನ ಮಗುವಿಗೆ ಕೇಳುವುದು ದುರಾಸೆಯೇ?

ಪಾಠ ಹೇಳುವುದು ನಾನಲ್ಲ, ನನ್ನ ಮಗಳು. ಮನೆಯಲ್ಲಿ ಅವಳ ಹೆಸರು ಇನ್ಸ್‌ಪೆಕ್ಟರ್. ವಿಚಾರಣೆಯಿಂದ ಶುರುವಾದ ಬದುಕಲ್ಲವೇ, ಈಗ ಅವಳೇ ಎಲ್ಲರನ್ನೂ ವಿಚಾರಿಸುತ್ತಾಳೆ. ತಮ್ಮನೋ ತಂಗಿಯೋ ಬರುತ್ತದೆಂದು, ಮನೆಗೆ ಬಂದವರ ಕೈಗೆಲ್ಲ ಒಂದು ದಿಂಬು ಕೊಡುತ್ತಾಳೆ. ಕಂಕುಳಿಗೆ ಕೈ ಹಾಕಬಾರದು, ಕಾಲು ಹಿಡಿದು ಎತ್ತಬಾರದು, ಒಂದು ಅಂಗೈ ತಲೆ ಮತ್ತು ಭುಜದ ಕೆಳಗೆ, ಇನ್ನೊಂದು ಕುಂಡಿಯ ಕೆಳಗೆ, ಬೆರಳು ಅಗಲಿಸಿ, ಮೆಲ್ಲಗೆ. ಕೆಳಮನೆಯ ನನ್ನ ಗೆಳೆಯ ದಿಂಬನ್ನು ಕಿವಿ ಹಿಡಿದು ಎತ್ತಿ ಛೀಮಾರಿ ಹಾಕಿಸಿಕೊಂಡ. ನಾನು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿದ್ದನ್ನು ಕೇಳಿ ಈ ಪತ್ರ ಬರೆದುಕೊಟ್ಟವನು ಅವನೇ. ನಿಮ್ಮ ಬಗ್ಗೆ ನಾನು ಅಂದ ಕೆಲವು ಪದಗಳನ್ನು ತೆಗೆದುಹಾಕಿದ್ದಾನೆ, ನೀವು ಅವನಿಗೆ ಋಣಿಯಾಗಿರಬೇಕು.

ಮೇಲಿಂದ ಒಂದು ಮಾತು ಬಂದರೆ ಸಾಕು, ನರ್ಸ್‌ಗಳನ್ನೆಲ್ಲ ತಾನೇ ಕೂಡಿಸುತ್ತೇನೆ ಎಂದು ನಿಮ್ಮ ವಾರ್ಡಿನ ಹಿರಿಯ ನರ್ಸಮ್ಮ ಹೇಳಿದ್ದಾರೆ. ಹಗಲಿನವರು, ರಾತ್ರಿಯವರು, ಎಲ್ಲರನ್ನೂ. ಆ ಒಂದು ಮಾತನ್ನು ಈ ವಾರವೇ ಹೇಳಿ. ಮಗು ನಮ್ಮ ಕಡೆಗೆ ಬೀಳದೆ ತಾಯಿಯಂತೆ ಗಟ್ಟಿಯಾಗಿದ್ದರೆ? ನಷ್ಟವೇನು, ಒಂದು ಗಟ್ಟಿ ಮಗುವನ್ನು ಮೆಲ್ಲಗೆ ಎತ್ತಿಕೊಂಡ ಅಪಖ್ಯಾತಿ ನಿಮಗೆ ಬರುತ್ತದೆ, ಅಷ್ಟೇ.

ಬಿಡುವಿದ್ದರೆ ತಾವೂ ಬನ್ನಿ. ಇನ್ಸ್‌ಪೆಕ್ಟರ್ ತಮ್ಮ ಕೈಗೂ ದಿಂಬು ಕೊಡುತ್ತಾಳೆ. ದೊಡ್ಡವರೆಂದು ರಿಯಾಯಿತಿ ಇಲ್ಲ. ತಪ್ಪಿದರೆ ಬೇರೆ ಕೋಣೆಯಲ್ಲಿ ಕೂರಿಸುವುದೂ ಇಲ್ಲ. "ಇನ್ನೊಂದ್ಸಲ ಮಾಡಿ" ಅನ್ನುತ್ತಾಳೆ.

ಇಂತಿ,
ತಮ್ಮ ಸಲಹೆ ಸಿಗುವ ಮೊದಲೇ ಹುಟ್ಟಿಬಿಟ್ಟ ವಿಧೇಯ,
ಇನ್ಸ್‌ಪೆಕ್ಟರಮ್ಮನ ಅಪ್ಪ