ಇವರ ಜೊತೆ ಮಾತಾಡಲೊಂದು ಇಂಗ್ಲಿಷು

ನವೆಂಬರ್ ೯, ಶನಿವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪಟಪಟಿಯ ನಮಸ್ಕಾರ. ಭಾವನ ಮಂಡಿನೋವು ಈಗ ಹೇಗಿದೆ? ನಿನ್ನ ಹಿಂದಿನ ಪತ್ರಕ್ಕೂ ಉತ್ತರವಿಲ್ಲ, ಅದಕ್ಕೂ ಹಿಂದಿನದಕ್ಕೂ ಇಲ್ಲ. ‘ಇವಳು ಕಲ್ಲಾಗಿ ಕೂತಿದ್ದಾಳೆ’ ಎಂದು ಬೈದುಕೊಂಡಿರುತ್ತೀಯ. ಬೈಯಿ, ಬೇಡವೆನ್ನುವುದಿಲ್ಲ. ಆದರೆ ಕೂತಿದ್ದಾಳೆ ಎನ್ನುವುದು ಮಾತ್ರ ಸುಳ್ಳು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಅಂಗಡಿ, ಮನೆ, ಕ್ಲಾಸು ಎಂದು ಸುತ್ತುತ್ತಿದ್ದೇನೆ. ಇಷ್ಟು ಬರೆಯುವುದರೊಳಗೆ ಎದ್ದು ಒಂದು ಸಲ ಒಳಗೆ ಇಣುಕಿಯೂ ಬಂದೆ. ಇವರು ನಿದ್ದೆಯಲ್ಲಿದ್ದಾರೆ.

ಕ್ಲಾಸು ಎಂದೆನಲ್ಲ, ನಗಬೇಡ. ನಾನು ಇಂಗ್ಲಿಷ್ ಕಲಿಯುತ್ತಿದ್ದೇನೆ.

ಇವರಿಗೆ ಲಕ್ವ ಹೊಡೆದದ್ದು, ಬಲಗೈ ಸೋತದ್ದು, ಮಾತು ನಿಂತದ್ದು ಎಲ್ಲ ನಿನಗೆ ಗೊತ್ತು. ‘ಅಪ್ಪನಿಗೆ ಮಾತು ಬಂತು ದೊಡ್ಡಮ್ಮಾ’ ಎಂದು ನನ್ನ ಮಗಳು ನಿನಗೆ ಫೋನ್ ಮಾಡಿದಳಂತೆ. ಬಂದದ್ದು ಯಾವ ಮಾತು ಎಂದು ಹೇಳಿರಲಿಕ್ಕಿಲ್ಲ. ಇಂಗ್ಲಿಷು ಅಕ್ಕಾ, ಬರೀ ಇಂಗ್ಲಿಷು. ಹಡಗಿನ ಕಂಪನಿಯಲ್ಲಿ ಕೂತು ಜೀವಮಾನವೆಲ್ಲ ಕಾಗದ ಬರೆದ ಭಾಷೆ ಉಳಿಯಿತು. ತಾಯಿ ಎದೆಹಾಲಿನ ಜೊತೆ ಕೊಟ್ಟ ಭಾಷೆ ಅಳಿಸಿಹೋಯಿತು. ನಾನು ಡಾಕ್ಟರ ಕೈಕಾಲು ಹಿಡಿಯುವುದೊಂದು ಬಾಕಿ. ಅವರು, “ಹೀಗೂ ಆಗತ್ತಮ್ಮಾ. ತಲೆಯೊಳಗೆ ಯಾವ ಬಾಗಿಲು ಮೊದ್ಲು ತೆರೆಯತ್ತೆ ಅಂತ ನಮಗೂ ಗೊತ್ತಾಗಲ್ಲ. ತೆರೆದಿರೋ ಬಾಗಿಲಲ್ಲೇ ಮಾತಾಡ್ಸಿ, ಬಿಡ್ಬೇಡಿ” ಎಂದರು. ಇನ್ನೊಂದು ಬಾಗಿಲು ಯಾವಾಗ ತೆರೆಯುತ್ತದೆ ಎಂದು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

ನಾನು ‘ರೀ’ ಎಂದರೆ ಇವರು ತಿರುಗುವುದಿಲ್ಲ ಅಕ್ಕಾ. ಬೀದಿಯಲ್ಲಿ ಯಾರೋ ಯಾರನ್ನೋ ಕರೆದ ಹಾಗೆ ಸುಮ್ಮನಿರುತ್ತಾರೆ.

ಮೊದಮೊದಲು ಮಗಳೇ ದುಭಾಷಿ. ಇವರು ಫೋನಿನಲ್ಲಿ ಅವಳಿಗೆ ಹೇಳುವುದು, ಅವಳು ನನಗೆ ಹೇಳುವುದು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ನಮ್ಮದು ಮಗಳು ಫೋನ್ ತೆಗೆಯುವ ತನಕ. ಒಂದು ದಿನ ಅವಳು ಕೆಲಸದಲ್ಲಿದ್ದಳು, ಸಿಗಲಿಲ್ಲ. ಇವರು “ಕೋಲ್ಡ್, ಕೋಲ್ಡ್” ಎನ್ನುತ್ತಿದ್ದರು. ಅಷ್ಟು ನನಗೂ ಗೊತ್ತಲ್ಲ ಎಂದು ಫ್ರಿಜ್ಜಿನಿಂದ ತಣ್ಣೀರು ತಂದುಕೊಟ್ಟೆ. ತಲೆ ಆಡಿಸಿ ಮತ್ತೆ “ಕೋಲ್ಡ್” ಎಂದರು. ಇನ್ನೂ ತಣ್ಣಗೆ ಬೇಕೇನೋ ಎಂದು ಮಂಜುಗಡ್ಡೆ ಹಾಕಿಕೊಟ್ಟೆ. ಇವರ ಹಲ್ಲು ಕಟಕಟ ಎಂದಾಗಲೇ ನನಗೆ ತಿಳಿದದ್ದು, ಚಳಿಯಾಗುತ್ತಿದೆ ಎಂದು. ಹೊದಿಕೆ ಹೊದಿಸುವಾಗ ಇವರ ಕಣ್ಣಲ್ಲಿ ನೀರಿತ್ತು. ಮಾರನೆಯ ದಿನವೇ ಹೋಗಿ ಕ್ಲಾಸಿಗೆ ಹೆಸರು ಬರೆಸಿದೆ. “ಈ ವಯಸ್ಸಲ್ಲಿ ಯಾಕಮ್ಮಾ? ನಾನಿಲ್ವಾ?” ಎಂದಳು ಮಗಳು. “ನೀನು ಹುಟ್ಟೋಕೆ ಮುಂಚೆ ನಿಮ್ಮಪ್ಪನ ಹತ್ರ ನಾನೇ ಮಾತಾಡ್ತಿದ್ದೆ” ಎಂದೆ.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ. ಕೆಳಗೆ ಗಾಳಿ ಹೊಡೆಯುವ ಸದ್ದಿಗೆ ನಮ್ಮ ಇಂಗ್ಲಿಷಿನ ತಾಳ. ಟೀಚರಮ್ಮ ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದವರು. ದನಿ ಜೇನು, ಮಾತು ಚಾಟಿ. “ತಪ್ಪು ಮಾತಾಡಿ, ಆದ್ರೆ ಮಾತಾಡಿ. ದಡದಲ್ಲಿ ನಿಂತು ಯಾರೂ ಈಜು ಕಲ್ತಿಲ್ಲ” ಎನ್ನುತ್ತಾರೆ. ನನ್ನ ಪಕ್ಕದಲ್ಲಿ ಒಬ್ಬ ಕ್ಷೌರಿಕ. “ನಂಗೇನು ಚಿಂತೆ ಇಲ್ಲಕ್ಕಾ, ಕೈಗೆ ಸಿಕ್ಕ ತಲೆ ಎದ್ದು ಓಡೋಕಾಗಲ್ಲ. ಕತ್ತರಿ ಆಡ್ತಿರೋವರೆಗೂ ನನ್ನ ಇಂಗ್ಲಿಷ್ ಕೇಳಲೇಬೇಕು” ಎನ್ನುತ್ತಾನೆ. ನಾನು ಕೆಲಸದ ಟೈಲರ್ ಅಂಗಡಿಯಲ್ಲಿ ಪ್ಯಾಂಟಿನ ಅಂಚು ಮಡಿಚಿ ಹೊಲಿಯುತ್ತಾ ಗೋ, ವೆಂಟ್, ಗಾನ್ ಎಂದು ಪೆಡಲು ತುಳಿಯುತ್ತೇನೆ. ಅಂಗಡಿಯ ಯಜಮಾನರು ಬಂದು, “ಏನಮ್ಮಾ, ಮೆಷಿನ್ ಜೊತೆ ಜಗಳಾನಾ?” ಎಂದು ಕೇಳಿ ಹೋದರು.

ಒಂದು ವಿಚಿತ್ರ ನೋಡು. ಅಲ್ಲಿ ‘ನೀನು’, ‘ನೀವು’ ಎರಡೂ ಇಲ್ಲ, ಎಲ್ಲರಿಗೂ ‘ಯು’. ಬೆಕ್ಕಿಗೂ ಯು, ಗಂಡನಿಗೂ ಯು. ಮೊದಲ ಸಲ ಇವರಿಗೆ ಹಾಗೆ ಹೇಳುವಾಗ ನಾಲಗೆ ಸುಟ್ಟಂತಾಯಿತು. ಆಮೇಲೆ, ನಿನಗೊಬ್ಬಳಿಗೇ ಹೇಳುತ್ತೇನೆ, ಒಳಗೊಳಗೇ ಖುಷಿಯೂ ಆಯಿತು.

ಎದ್ದರೆಂದು ಕಾಣುತ್ತದೆ. ಆಮೇಲೆ ಬರೆಯುತ್ತೇನೆ.

ಮಂಗಳವಾರ, ಬೆಳಿಗ್ಗೆ

ಆಮೇಲೆ ಎಂದದ್ದು ಇಷ್ಟು ದಿನವಾಯಿತು. ಪೆನ್ನು ಹಿಡಿದು ಕೂತವಳು ಮತ್ತೆ ಎದ್ದೆ. ಒರೆಸಿದ ಒಲೆಯನ್ನೇ ಮತ್ತೆ ಒರೆಸಿ ಬಂದೆ. ಒಳ್ಳೆಯ ಸುದ್ದಿಯನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ವಾರ ಇವರು ಕಿಟಕಿಯ ಹತ್ತಿರ ಕೂತಿದ್ದರು. ನಾನು ಧೈರ್ಯ ಮಾಡಿ, “ವಾಟ್ ಯು ಸೀಯಿಂಗ್?” ಎಂದೆ. ಟೀಚರಮ್ಮ ಇದ್ದಿದ್ದರೆ ತಲೆ ಚಚ್ಚಿಕೊಳ್ಳುತ್ತಿದ್ದರು. ಇವರು ಮಾತ್ರ ಕಣ್ಣು ನೆಟ್ಟು ನನ್ನನ್ನೇ ನೋಡಿದರು. ಆಮೇಲೆ ಒಂದೊಂದೇ ಪದ ಹೆಕ್ಕಿ ಹೆಕ್ಕಿ ಹೇಳತೊಡಗಿದರು. ಎದುರಿನ ಬಸ್ ನಿಲ್ದಾಣದಲ್ಲಿ ಒಂದು ನಾಯಿ ಮಲಗಿತ್ತು. ಚಿಕ್ಕವರಿದ್ದಾಗ ಇವರಿಗೂ ಅಂಥದೇ ನಾಯಿಯಿತ್ತಂತೆ, ಒಂದು ಕಿವಿ ಮಡಿಚಿಕೊಂಡದ್ದು. ಶಾಲೆಯ ತನಕ ಹಿಂದೆಯೇ ಬಂದು ಬಾಗಿಲಲ್ಲಿ ಕಾಯುತ್ತಿತ್ತಂತೆ. ಅರ್ಧ ಅರ್ಥವಾಯಿತು, ಇನ್ನರ್ಧವನ್ನು ಮುಖ ನೋಡಿ ತಿಳಿದುಕೊಂಡೆ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಆ ನಾಯಿಯ ಸುದ್ದಿ ನನಗೆ ಗೊತ್ತೇ ಇರಲಿಲ್ಲ! ಊಟಕ್ಕೆ ಕೂತರೆ ‘ಹೂಂ’, ಎದ್ದರೆ ‘ಸಾಕು’ ಎನ್ನುತ್ತಿದ್ದ ಮನುಷ್ಯ. ನಾನೇ ಎರಡೂ ಕಡೆಯ ಮಾತಾಡಿಕೊಂಡು ಮನೆ ತುಂಬಿಸುತ್ತಿದ್ದೆ, ನೀನೇ ನೋಡಿದ್ದೀಯಲ್ಲ. ಅವತ್ತು ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿದರೂ ನಾನು ಏಳಲಿಲ್ಲ.

ಟೀಚರಮ್ಮನಿಗೆ ಹೇಳಿದೆ. “ಭೇಷ್! ಇನ್ಮೇಲೆ ನೀವು ಪುಸ್ತಕ ಮುಚ್ಚಿ, ಯಜಮಾನರನ್ನೇ ಓದಿ” ಎಂದರು. ಇಡೀ ಕ್ಲಾಸು ನಕ್ಕಿತು.

ಇವರ ಕೈ ಸ್ವಲ್ಪ ಸುಧಾರಿಸಿದೆ, ಚಮಚ ಹಿಡಿಯುತ್ತಾರೆ. ನೀನು ಬರುವುದಾದರೆ ಚಳಿ ಕಳೆದ ಮೇಲೆ ಬಾ. ಭಾವನಿಗೆ ನಮಸ್ಕಾರ ಹೇಳು. ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ. ಅವರು ಬಾಯಿತುಂಬ ಮಾತು ಕಲಿಯಲಿ, ಕೇಳುವವರೂ ಸಿಗಲಿ. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ
ಪಟಪಟಿ

ತಾ.ಕ.: ಲಕೋಟೆಯನ್ನು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನಗಲ್ಲದೆ ಇನ್ನಾರಿಗೆ ಹೇಳಲಿ?

ನಿನ್ನೆ ಮಾತಿನ ಅಭ್ಯಾಸ ಮಾಡಿಸುವ ಹುಡುಗಿ ಬಂದಿದ್ದಳು. ನಾನು ಚಹಾ ತಂದೆ. ಮನೆಯಲ್ಲಿ ಯಾರ ಹತ್ತಿರ ಮಾತಾಡುತ್ತೀರಿ ಎಂದು ಅವಳು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು. “ನೋಬಡಿ” ಎಂದರು ಇವರು. ಕಾಯಿಲೆಗೆ ಮೊದಲು? ಆಗಲೂ ಅಷ್ಟೇ ಎಂದರು. ನನ್ನ ಹೆಂಡತಿ ಒಳ್ಳೆಯವಳು, ತುಂಬಾ ಒಳ್ಳೆಯವಳು, ಆದರೆ ಅವಳಿಗೆ ಹೇಳುವಂಥದ್ದು ನನ್ನ ಹತ್ತಿರ ಯಾವತ್ತೂ ಏನೂ ಇರಲಿಲ್ಲ ಎಂದರು. ನಾನು ಅಲ್ಲೇ ತಟ್ಟೆ ಹಿಡಿದು ನಿಂತಿದ್ದೆ. ನನ್ನೆದುರಿಗೆ ಇಂಗ್ಲಿಷಿನಲ್ಲಿ ಏನು ಬೇಕಾದರೂ ಹೇಳಬಹುದು ಎನ್ನುವುದು ಇವರಿಗೆ ಹಳೆಯ ರೂಢಿ. ನಾಯಿಯ ಕಥೆಯಲ್ಲಿ ಅರ್ಧ ಬಿಟ್ಟುಹೋಗಿತ್ತು ಅಕ್ಕಾ. ಇದರಲ್ಲಿ ಒಂದು ಪದವೂ ಬಿಟ್ಟುಹೋಗಲಿಲ್ಲ.

ಹುಡುಗಿ ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ನಾನು “ಶುಗರ್?” ಎಂದು ಕೇಳಿದೆ.

ಅವಳು ಹೋದ ಮೇಲೆ ಕುರ್ಚಿ ಎಳೆದುಕೊಂಡು ಇವರೆದುರು ಕೂತೆ. ಹೇಳಬೇಕಾದ್ದನ್ನೆಲ್ಲ ಇಂಗ್ಲಿಷಿನಲ್ಲೇ ಜೋಡಿಸಿಟ್ಟುಕೊಂಡಿದ್ದೆ. ಬಾಯಿ ತೆರೆದರೆ ಹೊರಟದ್ದು ನಮ್ಮ ಮಾತೇ: “ನಾನಿದ್ನಲ್ಲಾ? ಇಷ್ಟು ವರ್ಷ ಇಲ್ಲೇ ಇದ್ನಲ್ಲಾ?”

ಇವರು ನನ್ನನ್ನೇ ನೋಡಿದರು. ಅರ್ಥವಾಗದವರು ಮರ್ಯಾದೆಗೆ ನಗುತ್ತಾರಲ್ಲ, ಹಾಗೆ ನಕ್ಕರು. ಆಮೇಲೆ ಮೆಲ್ಲಗೆ, “ಇನ್ ಇಂಗ್ಲಿಷ್, ಪ್ಲೀಸ್” ಎಂದರು.